ಪ್ಲುಟಾರ್ಕನನ್ನು ಅರ್ಧ ಓದಿ ಹೇಳಬೇಡಿ

ನಿನ್ನೆ ಕಾಲೇಜೊಂದರ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಪ್ರಾಚೀನ ರೋಮಿನ ರಾಜಕಾರಣಿ ಹಿರಿಯ ಕೇಟೋನನ್ನು ಮಿತವ್ಯಯದ ಆದರ್ಶವೆಂದು ಕೊಂಡಾಡಿ, ಇದನ್ನೆಲ್ಲ ಮಹಾಪುರುಷರ ಜೀವನಚರಿತ್ರೆ ಬರೆದ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕನೇ ಬರೆದಿದ್ದಾನೆ ಎಂದಾಗ ನನಗೆ ಸುಮ್ಮನೆ ಕೂತಿರುವುದೇ ಕಷ್ಟವಾಯಿತು. ಬರೆದಿದ್ದಾನೆ, ನಿಜ. ಆದರೆ ದುಡಿದು ಮುದುಕರಾದ ಗುಲಾಮರಿಗೆ ಕೂಳು ಹಾಕುವುದು ದಂಡವೆಂದು ಆ ಕೇಟೋ ಅವರನ್ನು ಮಾರಿಬಿಡುತ್ತಿದ್ದುದನ್ನೂ ಬರೆದು, ಕಥೆಯನ್ನು ಅಲ್ಲಿಯೇ ತಡೆದು ಅವನನ್ನು ಖಂಡಿಸಿದ್ದಾನೆ. ಅಲ್ಲೇ ಅವನು ಹೇಳುವ ಕಥೆ ಇದು: ಅಥೆನ್ಸಿನ ಪಾರ್ಥೆನಾನ್ ದೇವಾಲಯ ಕಟ್ಟುವಾಗ ದುಡಿದು ಬಿಡುಗಡೆ ಪಡೆದ ಹೇಸರಗತ್ತೆಯೊಂದು ತಾನಾಗಿಯೇ ಮರಳಿ ಬಂದು, ಗಾಡಿ ಎಳೆಯುವ ಜೊತೆಗಾರರಿಗೆ ಹುರುಪು ತುಂಬುವಂತೆ ಮುಂದೆ ಮುಂದೆ ನಡೆಯುತ್ತಿತ್ತಂತೆ. ಅದು ಸಾಯುವವರೆಗೂ ಊರಿನ ಖರ್ಚಿನಲ್ಲೇ ಮೇವು ಹಾಕಬೇಕೆಂದು ಅಥೆನ್ಸಿನ ಜನ ನಿರ್ಣಯಿಸಿದರಂತೆ. ತನಗಾಗಿ ದುಡಿದ ಎತ್ತನ್ನೇ ಮುದಿಯಾಯಿತೆಂದು ತಾನು ಮಾರಲಾರೆ, ಇನ್ನು ಮುದುಕನಾದ ಮನುಷ್ಯನನ್ನು ಮಾರುವ ಮಾತೆಲ್ಲಿ ಬಂತು ಎನ್ನುತ್ತಾನೆ ಪ್ಲುಟಾರ್ಕ.

ಅಪ್ಪ ತೀರಿಕೊಂಡ ವರ್ಷ ನಮ್ಮ ಮನೆಯ ಮುದಿ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋದವನು ನಾನು. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದನ್ನೇ ಕಿತ್ತುಹಾಕಿ ಉಳಿದದ್ದನ್ನು ಆದರ್ಶವೆಂದು ಹಂಚುವವರ ಮೇಲೆ ಸಿಟ್ಟು ಬರದೆ ಇರುತ್ತದೆಯೇ?

ಆ ನೆಪದಲ್ಲಾದರೂ ಹುಡುಗರ ಕಿವಿಗೆ ಪ್ಲುಟಾರ್ಕನ ಹೆಸರು ಬೀಳಲಿ ಎಂದು ಗೆಳೆಯರೊಬ್ಬರು ಸಮಾಧಾನ ಹೇಳಿದರು. ನಾನು ಒಪ್ಪಲಿಲ್ಲ. ತಾನು ಬರೆಯುತ್ತಿರುವುದು ಇತಿಹಾಸವನ್ನಲ್ಲ, ಬದುಕುಗಳನ್ನು; ಸಾವಿರಾರು ಜನ ಸತ್ತ ಯುದ್ಧಕ್ಕಿಂತ ಒಂದು ಸಣ್ಣ ಮಾತು, ಒಂದು ತಮಾಷೆ ಮನುಷ್ಯನ ಸ್ವಭಾವವನ್ನು ಹೆಚ್ಚು ತೋರಿಸಬಹುದು ಎಂದು ಅಲೆಕ್ಸಾಂಡರನ ಚರಿತ್ರೆಯ ಆರಂಭದಲ್ಲೇ ಹೇಳಿದವನು ಅವನು. ಒಬ್ಬ ಗ್ರೀಕನ ಪಕ್ಕದಲ್ಲಿ ಒಬ್ಬ ರೋಮನನನ್ನಿಟ್ಟು ತೂಗಿದವನು. ಗ್ರೀಕ್ ದೊರೆ ಡಿಮೀಟ್ರಿಯಸ್ ಮತ್ತು ರೋಮನ್ ಸೇನಾಪತಿ ಆಂಟನಿಯರನ್ನಂತೂ ಹೀಗೆ ಬದುಕಬಾರದೆಂದು ತೋರಿಸುವುದಕ್ಕೇ ಆರಿಸಿಕೊಂಡವನು. ತನ್ನದು ಚಿಕ್ಕ ಊರು, ತಾನೂ ಬಿಟ್ಟುಹೋದರೆ ಅದು ಇನ್ನಷ್ಟು ಚಿಕ್ಕದಾದೀತು ಎಂದು ಗ್ರೀಸಿನ ಕೈರೋನಿಯಾದಲ್ಲೇ ಉಳಿದು ಬರೆದ ಈ ಚರಿತ್ರೆಗಳನ್ನು 1559ರಲ್ಲಿ ಆಮಿಯೋ ಎಂಬ ಅನುವಾದಕ ಫ್ರೆಂಚಿಗೆ ತಂದ. ಅದರಿಂದ 1579ರಲ್ಲಿ ಥಾಮಸ್ ನಾರ್ತ್ ಇಂಗ್ಲಿಷಿಗೆ ತಂದ. ನಾರ್ತನ ಪುಟಗಳಿಂದ ಷೇಕ್ಸ್‌ಪಿಯರ್ ತನ್ನ ಬ್ರೂಟಸ್, ಆಂಟನಿ, ಕೊರಿಯೊಲೇನಸರನ್ನು ಎತ್ತಿಕೊಂಡ. ರೋಮನ್ ಸೇನಾನಿ ಕೊರಿಯೊಲೇನಸನ ಸೊಕ್ಕನ್ನು ಪ್ಲುಟಾರ್ಕ್ ಮುಚ್ಚಿಟ್ಟಿದ್ದರೆ ಷೇಕ್ಸ್‌ಪಿಯರನಿಗೆ ಅಲ್ಲಿ ಯಾವ ನಾಟಕ ಸಿಗುತ್ತಿತ್ತು?

ಭಾಷಣ ನಡೆದಾಗ ನನ್ನ ಪಕ್ಕದ ಹುಡುಗ ನೋಟ್‌ಬುಕ್ಕಿನಲ್ಲಿ ‘ಕೇಟೋ: ಮಿತವ್ಯಯ’ ಎಂದು ಬರೆದುಕೊಂಡಿದ್ದ. ಸಭೆ ಮುಗಿದ ಮೇಲೆ ಅವನನ್ನು ನಿಲ್ಲಿಸಿ ಗುಲಾಮರ ಸಂಗತಿಯನ್ನೂ ಹೇಸರಗತ್ತೆಯ ಕಥೆಯನ್ನೂ ಹೇಳಿದೆ. ನಿಂತಲ್ಲೇ ನೋಟ್‌ಬುಕ್ ತೆರೆದು ಆ ಸಾಲಿನ ಕೆಳಗೇ ಅದನ್ನೂ ಬರೆದುಕೊಂಡ.