ಡಿಲೀಟ್ ಮಾಡಿಸುವ ಮೊದಲು ಒಳಗೇನಿದೆ ಎಂದು ನೋಡಿ

ಇಂದು ಮಧ್ಯಾಹ್ನ, ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯ ವಿಎಸ್ ಕೋಡ್ (ಕೋಡ್ ಬರೆಯುವ ಎಡಿಟರ್) ತೆರೆದ ಕೂಡಲೇ ಹ್ಯಾಂಗ್ ಆಗುತ್ತಿತ್ತು. ಹಿರಿಯರೊಬ್ಬರು ತಮ್ಮ ಪರದೆಯಿಂದ ಕಣ್ಣು ಕೀಳದೆಯೇ, "ಆಪ್‌ಡೇಟಾದಲ್ಲಿರೋ ಕೋಡ್ ಫೋಲ್ಡರ್ ಡಿಲೀಟ್ ಮಾಡಮ್ಮ, ಸರಿಹೋಗುತ್ತೆ" ಎಂದರು. ವಿಂಡೋಸ್‌ನಲ್ಲಿ ತಂತ್ರಾಂಶಗಳು ತಮ್ಮ ಮಾಹಿತಿಯನ್ನು ಇಟ್ಟುಕೊಳ್ಳುವ ಜಾಗವೇ ಆಪ್‌ಡೇಟಾ. ಅವಳು ಶಿಫ್ಟ್ ಒತ್ತಿ, ರೀಸೈಕಲ್ ಬಿನ್‌ಗೂ ಹೋಗದಂತೆ ಅಳಿಸಿದಳು. ಸೇವ್ ಮಾಡದ ಟ್ಯಾಬ್‌ಗಳಲ್ಲಿದ್ದ ಎಸ್‌ಕ್ಯೂಎಲ್ ಕ್ವೆರಿಗಳೆಲ್ಲ (ಡೇಟಾಬೇಸಿಗೆ ಬರೆದ ಆಜ್ಞೆಗಳು) ಹೋದವು, ತೊಂದರೆ ಮಾತ್ರ ಹಾಗೆಯೇ ಉಳಿಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಆ ಫೋಲ್ಡರಿನಲ್ಲಿ, ಅಳಿಸಿದರೂ ತಾನಾಗಿ ಮತ್ತೆ ಹುಟ್ಟುವ ತಾತ್ಕಾಲಿಕ ಮಾಹಿತಿ, ಅಂದರೆ ಕ್ಯಾಶ್, ಇರುವುದು ನಿಜ. ಆದರೆ ಅದರ ಪಕ್ಕದಲ್ಲೇ ನಮ್ಮ ಸೆಟ್ಟಿಂಗ್ಸ್, ಶಾರ್ಟ್‌ಕಟ್, ಸ್ನಿಪೆಟ್‌ಗಳು (ಮತ್ತೆ ಮತ್ತೆ ಬಳಸುವ ಕೋಡ್ ತುಣುಕುಗಳು), ಫೈಲುಗಳ ಹಳೆಯ ರೂಪಗಳನ್ನು ಕಾಪಿಡಲು 2022ರಲ್ಲಿ ಬಂದ ಲೋಕಲ್ ಹಿಸ್ಟರಿ, ಸೇವ್ ಮಾಡದೆ ಮುಚ್ಚಿದ ಬರಹವನ್ನು ಮರಳಿ ಕೊಡುವ ಬ್ಯಾಕಪ್ಸ್ ಎಲ್ಲವೂ ಇರುತ್ತವೆ. ಎಡಿಟರಿಗೆ ನಾವು ಸೇರಿಸಿಕೊಳ್ಳುವ ಹೆಚ್ಚುವರಿ ಸಾಧನಗಳಾದ ಎಕ್ಸ್‌ಟೆನ್ಷನ್‌ಗಳು ಮಾತ್ರ ಅಲ್ಲಿರುವುದಿಲ್ಲ. ಅವು ಬಳಕೆದಾರರ ಹೋಮ್ ಫೋಲ್ಡರಿನ 'ಡಾಟ್ ವಿಎಸ್‌ಕೋಡ್' ಒಳಗಿರುತ್ತವೆ. ಎಡಿಟರ್ ಕೆಡಲು ಅನೇಕ ಸಲ ಕಾರಣವಾಗುವ ಎಕ್ಸ್‌ಟೆನ್ಷನ್ ಹೀಗೆ ಉಳಿದುಕೊಂಡು, ಏನೂ ತಪ್ಪು ಮಾಡದ ಬರಹ ಅಳಿದುಹೋಗುತ್ತದೆ. ಇವತ್ತು ಆದದ್ದೂ ಅದೇ.

ಸೆಟ್ಟಿಂಗ್ಸನ್ನು ಖಾತೆಯಲ್ಲಿ ಉಳಿಸಿಡುವ ಸೆಟ್ಟಿಂಗ್ಸ್ ಸಿಂಕ್ ಇದೆ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಇದೆ, ಹೋದದ್ದು ಮರಳಿ ಬರುತ್ತದೆ ಎಂದು ಆ ಹಿರಿಯರು ವಾದಿಸಿದರು. ಸಿಂಕ್ ಸೆಟ್ಟಿಂಗ್ಸನ್ನೂ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನೂ ತಂದುಕೊಟ್ಟೀತು. ಸೇವ್ ಮಾಡದ ಟ್ಯಾಬನ್ನು ಅದೂ ತರುವುದಿಲ್ಲ, ಕಮಿಟ್ ಮಾಡದ್ದನ್ನು, ಅಂದರೆ ಗಿಟ್‌ನಲ್ಲಿ ದಾಖಲಿಸದ್ದನ್ನು, ಗಿಟ್ಟೂ ಕೊಡುವುದಿಲ್ಲ. ಆದ್ದರಿಂದ ಆ ಸಮಾಧಾನವನ್ನು ನಾನು ಒಪ್ಪುವುದಿಲ್ಲ.

ಎಡಿಟರನ್ನು ಮುಚ್ಚಿ ಫೋಲ್ಡರಿನ ಹೆಸರು ಬದಲಿಸಿದ್ದರೆ ಸಾಕಿತ್ತು. ತೆರೆದಾಗ ಹೊಸ ಫೋಲ್ಡರ್ ಹುಟ್ಟುತ್ತದೆ; ತೊಂದರೆ ಹೋದರೆ ಹಳೆಯದರಿಂದ ಒಂದೊಂದನ್ನೇ ಮರಳಿಸುತ್ತ ಕೆಟ್ಟದ್ದು ಯಾವುದೆಂದು ಹಿಡಿಯಬಹುದು, ಹೋಗದಿದ್ದರೆ ಹಳೆಯ ಹೆಸರನ್ನೇ ಕೊಡಬಹುದು. ಅದಕ್ಕೂ ಮೊದಲು ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸಿ ತೆರೆದು ನೋಡಬೇಕು. ಪ್ರತಿ ಸಲ ಅರ್ಧದಷ್ಟನ್ನು ನಿಲ್ಲಿಸುತ್ತ ಕಾರಣವನ್ನು ಹುಡುಕುವ ಎಕ್ಸ್‌ಟೆನ್ಷನ್ ಬೈಸೆಕ್ಟ್ ಹೆಲ್ಪ್ ಆಜ್ಞೆಗಳಲ್ಲೇ ಇದೆ. ಸಂಜೆ ಅವಳ ಪಕ್ಕ ಕುಳಿತು ಅದನ್ನೇ ನಡೆಸಿದೆವು. ಕೋಡನ್ನು ಓರಣವಾಗಿ ಜೋಡಿಸುವ ಎಕ್ಸ್‌ಟೆನ್ಷನ್, ಒಂದು ಫಾರ್ಮ್ಯಾಟರ್, ಸಿಕ್ಕಿಬಿತ್ತು.

ಇಂಟೆಲಿಜೆ ಎಂಬ ಇನ್ನೊಂದು ಎಡಿಟರ್ ಬಳಸುವವರಿಗೂ ಇದೇ ಮಾತು. ಅದರ ಲೋಕಲ್ ಹಿಸ್ಟರಿ ಕ್ಯಾಶ್ ಇರುವ ಸಿಸ್ಟಮ್ ಫೋಲ್ಡರಿನಲ್ಲೇ ಇರುವುದರಿಂದ, ಕ್ಯಾಶ್ ಎಂದುಕೊಂಡು ಅದನ್ನು ಪೂರ್ತಿ ಅಳಿಸಿದರೆ ಹಿಸ್ಟರಿಯೂ ಹೋಗುತ್ತದೆ.

ನಮ್ಮ ತಂಡದ ಹೊಸಬರ ಕೈಪಿಡಿಯಲ್ಲೂ "ಫೋಲ್ಡರ್ ಡಿಲೀಟ್ ಮಾಡಿ" ಎಂಬ ಸಾಲಿದೆ. ನಾಳೆ ಬೆಳಗ್ಗೆ ಅದನ್ನು ತೆಗೆಸಿಯೇ ನಾನು ಬೇರೆ ಕೆಲಸಕ್ಕೆ ಕೂರುತ್ತೇನೆ.