ಬಿಸ್ಮಾರ್ಕ್ ಸಾಹೇಬರ ಬಿಳಿ ಕೋಟು

ಮತ್ತೆ ಬಂತು. ಕಾಫಿ ಲೋಟ ಕೈಗೆ ಬರುವ ಮೊದಲೇ ವಾಟ್ಸಾಪಿನಲ್ಲಿ ‘ನಮಗೂ ಒಬ್ಬ ಬಿಸ್ಮಾರ್ಕ್ ಬೇಕು’ ಅನ್ನುವ ಫಾರ್ವರ್ಡು. ಜೊತೆಗೆ ಒಂದು ಚಿತ್ರ. ಅರಮನೆ, ಕತ್ತಿ ಎತ್ತಿದ ಅಧಿಕಾರಿಗಳು, ನಡುವೆ ಬಿಳಿ ಕೋಟಿನ ದಪ್ಪ ಮೀಸೆಯ ಸಾಹೇಬರು. ಕಳಿಸಿದವರು ಪಕ್ಕದ ಮನೆಯ ಯಜಮಾನರು. ತರಕಾರಿಯವಳ ಹತ್ತಿರ ಚಿಲ್ಲರೆ ವಾಪಸ್ ಕೇಳೋಕೂ ಹೆದರುವವರು.

‘ರಕ್ತ ಮತ್ತು ಕಬ್ಬಿಣ’ದಿಂದ, ಅಂದರೆ ಯುದ್ಧದಿಂದ, ಜರ್ಮನಿಯನ್ನು ಒಂದು ಮಾಡಿದ ಪ್ರಧಾನಿ ಬಿಸ್ಮಾರ್ಕ್ ಅಂತ ಹತ್ತು ಅಂಕಕ್ಕೆ ಬಾಯಿಪಾಠ ಮಾಡಿದವರೇ ನಾವೆಲ್ಲ. ಆ ಮಾತು ಹುಟ್ಟಿದ್ದು ರಣರಂಗದಲ್ಲಲ್ಲ ಸ್ವಾಮಿ, 1862ರಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಸಂಸತ್ತಿನ ಬಜೆಟ್ ಸಮಿತಿಯಲ್ಲಿ. ಸೇನೆಗೆ ದುಡ್ಡು ಕೊಡಲ್ಲ ಎಂದರು ಸದಸ್ಯರು. ಬೇಡ ಬಿಡಿ ಎಂದು ಸಾಹೇಬರು ಅವರ ಒಪ್ಪಿಗೆಯೇ ಇಲ್ಲದೆ ನಾಲ್ಕು ವರ್ಷ ಖರ್ಚು ಮಾಡಿದರು. 1866ರಲ್ಲಿ ಆಸ್ಟ್ರಿಯಾವನ್ನು ಸೋಲಿಸಿದ ಮೇಲೆ ಅದೇ ಸಂಸತ್ತು ‘ಆಗಿದ್ದೆಲ್ಲ ಸರಿ’ ಎಂದು ಮಸೂದೆ ಪಾಸು ಮಾಡಿತು. ಅಕ್ರಮ-ಸಕ್ರಮ ನಮ್ಮ ಆಸ್ತಿ ಅಂದುಕೊಂಡಿದ್ದೆ ನಾನು!

ಆಮೇಲೆ ಫ್ರಾನ್ಸ್. 1870ರ ಜುಲೈ 13. ಎಮ್ಸ್ ಊರಲ್ಲಿ ಫ್ರೆಂಚ್ ರಾಯಭಾರಿಯ ಬೇಡಿಕೆಗೆ ಪ್ರಷ್ಯಾದ ರಾಜ ವಿಲ್ಹೆಲ್ಮ್ ‘ಆಗಲ್ಲ’ ಎಂದು ಹೇಳಿದ್ದು ಮರ್ಯಾದೆಯಿಂದಲೇ. ಆ ಸುದ್ದಿಯ ಟೆಲಿಗ್ರಾಂ ಬರ್ಲಿನ್‌ಗೆ ಬಂತು. ಸಾಹೇಬರು ಸೇನಾಪತಿಗಳ ಜೊತೆ ಊಟಕ್ಕೆ ಕೂತಿದ್ದರು. ಅಲ್ಲೇ ಕತ್ತರಿ ಹಾಕಿದರು. ಮರ್ಯಾದೆ ಉದುರಿತು, ಉಳಿದದ್ದು ಅವಮಾನ. ಪತ್ರಿಕೆಗೆ ಕೊಟ್ಟರು. ಆರು ದಿನದಲ್ಲಿ ಫ್ರಾನ್ಸೇ ಯುದ್ಧ ಸಾರಿತು. ಎಷ್ಟು ಚೆನ್ನಾಗಿ ಎಡಿಟ್ ಮಾಡಿದ್ದಾರೆ ಅಲ್ವಾ?

ಇನ್ನೊಂದು ಜರ್ಮನ್ ರಾಜ್ಯ ಬವೇರಿಯಾದ ರಾಜ ಲುಡ್ವಿಗ್‌ದು ಇನ್ನೂ ಮಜಾ. ‘ವಿಲ್ಹೆಲ್ಮ್ ಇಡೀ ಜರ್ಮನಿಗೆ ಚಕ್ರವರ್ತಿ ಆಗಲಿ’ ಎಂದು ಅವನೇ ಪತ್ರ ಬರೆಯಬೇಕಿತ್ತು. ಅವನಿಗೆ ಹಲ್ಲುನೋವು, ಹಾಸಿಗೆ ಬಿಟ್ಟು ಏಳಲ್ಲ. ಸಾಹೇಬರೇ ಕರಡು ಬರೆದು ಕಳಿಸಿದರು, ಅವನು ನಕಲು ಮಾಡಿದ. ಕೋಟೆ ಕಟ್ಟುವ ಹುಚ್ಚಿನ ಅವನಿಗೆ ಗುಟ್ಟಾಗಿ ದುಡ್ಡೂ ಹೋಯಿತು. ಅದು ಹ್ಯಾನೋವರ್ ರಾಜನಿಂದ ಕಿತ್ತುಕೊಂಡ ದುಡ್ಡು. ಇದರಲ್ಲಿ ಕಬ್ಬಿಣ ಎಲ್ಲಿ ಬಂತು?

ಇನ್ನು ಆ ಚಿತ್ರ. 1871ರ ಜನವರಿ 18, ಫ್ರಾನ್ಸಿನ ವರ್ಸೈ ಅರಮನೆಯ ಕನ್ನಡಿ ಸಭಾಂಗಣದಲ್ಲಿ ವಿಲ್ಹೆಲ್ಮ್‌ನನ್ನು ಚಕ್ರವರ್ತಿ ಎಂದು ಸಾರಿದ ದಿನ. ಬರೆದವನು ಆಂಟನ್ ಫಾನ್ ವೆರ್ನರ್, ಆ ದಿನ ಅಲ್ಲೇ ಇದ್ದವನು. ಸಾಹೇಬರು ಅವತ್ತು ತೊಟ್ಟಿದ್ದು ನೀಲಿ ಕೋಟು. 1885ರಲ್ಲಿ ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಮತ್ತೆ ಬರೆದಾಗ ಅದು ಬೆಳ್ಳಗಾಯಿತು. 1884ರಲ್ಲಿ ಸಿಕ್ಕ ಪದಕ 1871ರ ಎದೆಯ ಮೇಲೆ ಹೊಳೆಯಿತು. ಅಲ್ಲಿಗೆ ಬಂದೇ ಇರದ ಯುದ್ಧಮಂತ್ರಿ ರೋನ್ ಕೂಡ ಬಂದು ನಿಂತ. ಚಕ್ರವರ್ತಿ ಬಿರುದು ಹೇಗಿರಬೇಕು ಅನ್ನುವ ಜಗಳದಲ್ಲಿ ಮುನಿಸಿಕೊಂಡ ವಿಲ್ಹೆಲ್ಮ್ ಅವತ್ತು ಸಾಹೇಬರ ಕೈ ಕೂಡ ಕುಲುಕದೆ ಮುಂದೆ ಹೋದದ್ದು ಮಾತ್ರ ಚಿತ್ರದಲ್ಲಿಲ್ಲ.

ನಗು ಬರುತ್ತೆ, ನಿಜ. ಆದರೆ ಊಟದ ಮೇಜಿನ ಆ ಕತ್ತರಿಯಿಂದ ಶುರುವಾದ ಯುದ್ಧದಲ್ಲಿ ಜರ್ಮನ್ ಸೈನಿಕರೇ ನಲವತ್ತು ಸಾವಿರಕ್ಕೂ ಜಾಸ್ತಿ ಸತ್ತರು. ಫ್ರೆಂಚರು ಒಂದು ಲಕ್ಷ ದಾಟಿದರು. ಹರೆಯದಲ್ಲಿ ಸೇನೆಯ ಕೆಲಸ ತಪ್ಪಿಸಿಕೊಳ್ಳಲು ನೋಡಿದ ಮನುಷ್ಯ ಈ ಬಿಸ್ಮಾರ್ಕ್. ಕೋಟು ಅವನದು, ರಕ್ತ ಯಾರದೋ ಮನೆ ಮಕ್ಕಳದು. ನೂರೈವತ್ತು ವರ್ಷ ಕಳೆದರೂ ಇದಕ್ಕೆ ಹೆಬ್ಬೆರಳು ಎತ್ತುವವರನ್ನು ನೋಡಿ ನೋಡಿ ಸಾಕಾಗಿದೆ.

ಇಷ್ಟನ್ನೂ ಟೈಪ್ ಮಾಡಿ ಯಜಮಾನರಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: ‘ಉದ್ದ ಆಯ್ತು ಸಾರ್. ಸ್ವಲ್ಪ ಕಟ್ ಮಾಡಿ ಕಳಿಸಿ.’