ಎಲ್ಲದಕ್ಕೂ ಆದಿಮಾನವನೇ ಹೊಣೆ

ಫ್ರಿಜ್ಜಿನಲ್ಲಿ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇಟ್ಟಿರುವ ಮೊಸರಿನ ಪಾತ್ರೆ ಗಂಡಸಿಗೆ ಏಕೆ ಕಾಣಿಸುವುದಿಲ್ಲ ಎಂಬ ಪ್ರಶ್ನೆಗೆ ಹಿಂದಿನ ತಲೆಮಾರಿನ ಹೆಂಗಸರು ಸೋಮಾರಿತನವೆಂಬ ಅವೈಜ್ಞಾನಿಕ ಉತ್ತರವನ್ನು ತಾವೇ ಕೊಟ್ಟುಕೊಂಡು ಸುಮ್ಮನಾಗುತ್ತಿದ್ದರು. ಈಗ ಅಷ್ಟು ಸುಲಭವಾಗಿ ಬಿಡುವಂತಿಲ್ಲ. ಇಂದಿನ ಸ್ವಭಾವಗಳಿಗೆ ಆದಿಮಾನವನ ಬದುಕಿನಲ್ಲಿ ಕಾರಣ ಹುಡುಕುವ ವಿಕಾಸವಾದಿ ಮನಶ್ಶಾಸ್ತ್ರದ ಸಾರವನ್ನು ಒಂದು ರೀಲಿನಲ್ಲಿ ಹಿಂಡಿ ಕುಡಿದಿರುವ ಗಂಡ, ತನ್ನ ಪೂರ್ವಜರು ಆಫ್ರಿಕಾದ ಹುಲ್ಲುಗಾವಲಿನಲ್ಲಿ ದೂರದ ಜಿಂಕೆಯ ಮೇಲೆ ಕಣ್ಣು ನೆಟ್ಟು ಬದುಕಿದವರೆಂದೂ, ಹತ್ತಿರದ ಪೊದೆಯಲ್ಲಿ ಹಣ್ಣು ಆರಿಸುವ ಕೆಲಸ ಹೆಂಗಸರದ್ದಾಗಿತ್ತೆಂದೂ, ಆದಕಾರಣ ಮೊಸರನ್ನು ಆಕೆಯೇ ತೆಗೆದುಕೊಡುವುದು ಪ್ರಕೃತಿನಿಯಮವೆಂದೂ ವಿವರಿಸಿ ಊಟದ ತಟ್ಟೆಯ ಮುಂದೆ ಕೂರುತ್ತಾನೆ. ಮೊದಲೆಲ್ಲ ಇಂಥ ಸಂದರ್ಭಗಳಲ್ಲಿ ಹಣೆಬರಹವನ್ನು ದೂರುತ್ತಿದ್ದೆವು. ಆ ಹುದ್ದೆಗೆ ಈಗ ಗುಹಾವಾಸಿಯನ್ನು ನೇಮಿಸಿಕೊಳ್ಳಲಾಗಿದೆ.

ಡಾರ್ವಿನ್ ಹೇಳಿದ ವಿಕಾಸದ ಬಗ್ಗೆ ಇಲ್ಲಿ ತಕರಾರಿಲ್ಲ. ಹಾವು ಕಂಡರೆ ಬೆಚ್ಚುವುದಕ್ಕೂ ಸಿಹಿ ಕಂಡರೆ ಬಾಯಲ್ಲಿ ನೀರೂರುವುದಕ್ಕೂ ಹಳೆಯ ಕಾರಣಗಳಿರಬಹುದು. ಆದರೆ ನಮ್ಮ ಇಂದಿನ ತಲೆಬುರುಡೆಯೊಳಗೆ ಇರುವುದು ಶಿಲಾಯುಗದ ಮನಸ್ಸು ಎಂದು ಈ ಮನಶ್ಶಾಸ್ತ್ರದ ಪ್ರವರ್ತಕರಾದ ಕ್ಯಾಲಿಫೋರ್ನಿಯಾದ ಲೀಡಾ ಕಾಸ್ಮಿಡೀಸ್ ಮತ್ತು ಜಾನ್ ಟೂಬಿ ದಂಪತಿ ಘೋಷಿಸಿದ ಮೇಲೆ, ಆ ಶಿಲಾಯುಗವನ್ನು ಕಣ್ಣಾರೆ ಕಂಡು ಬಂದವರ ಸಂಖ್ಯೆ ದಿನೇ ದಿನೇ ಹೆಚ್ಚುತ್ತಿದೆ. ಅವರು ಕಂಡ ಆದಿಮಾನವನ ಸಂಸಾರವು ಕಳೆದ ಶತಮಾನದ ಅಮೆರಿಕದ ಮಧ್ಯಮವರ್ಗದ ಸಂಸಾರವನ್ನೇ ಹೋಲುವುದು, ಅವನು ಕಚೇರಿಗೆ ಬದಲಾಗಿ ಬೇಟೆಗೆ ಹೋಗುವುದನ್ನು ಬಿಟ್ಟರೆ ಬೇರೆ ವ್ಯತ್ಯಾಸವೇ ಇಲ್ಲದಿರುವುದು ಕಾಕತಾಳೀಯವೇ ಇರಬೇಕು.

ಬಣ್ಣದ ಪ್ರಕರಣವನ್ನು ನೋಡಿ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಅನ್ಯಾ ಹರ್ಲ್‌ಬರ್ಟ್ ಮತ್ತು ಯಾಜು ಲಿಂಗ್ 2007ರಲ್ಲಿ 208 ಮಂದಿ ಯುವಕ ಯುವತಿಯರ ಮುಂದೆ ಬಣ್ಣದ ಚೌಕಗಳನ್ನಿಟ್ಟು, ಹೆಂಗಸರ ಒಲವು ಗಂಡಸರಿಗಿಂತ ಕೆಂಪಿನ ಕಡೆಗೆ ತುಸು ಹೆಚ್ಚು ವಾಲುತ್ತದೆಂದು ಕಂಡುಕೊಂಡರು. ಅಲ್ಲಿಯವರೆಗೆ ಸರಿ. ಇದಕ್ಕೆ ಕಾರಣವಾಗಿ, ಹಸಿರು ಎಲೆಗಳ ನಡುವೆ ಮಾಗಿದ ಹಣ್ಣನ್ನು ಹುಡುಕುತ್ತಿದ್ದ ಆದಿಮಹಿಳೆಯನ್ನು ಕರೆತಂದು ನಿಲ್ಲಿಸಿದರು. ಅದು ಸಾಲದಿದ್ದರೆ ಇರಲಿ ಎಂದು, ಸಿಟ್ಟಿಗೋ ನಾಚಿಕೆಗೋ ಕೆಂಪೇರುವ ಮುಖವನ್ನು ಗುರುತಿಸಲು ಆಕೆಗೆ ಈ ಕಣ್ಣು ಬೇಕಾಗಿತ್ತೆಂಬ ಬದಲಿ ಕಾರಣವನ್ನೂ ಜೊತೆಗಿಟ್ಟರು. ಹೆಂಗಸರೂ ಗಂಡಸರೂ ಒಟ್ಟಾಗಿ ಮೆಚ್ಚಿದ್ದು ನೀಲಿಯನ್ನಲ್ಲವೇ ಎಂದರೆ, ಶುಭ್ರ ಆಕಾಶ ಮತ್ತು ತಿಳಿನೀರು ಸಿದ್ಧವಾಗಿದ್ದವು. ಪತ್ರಿಕೆಗಳಂತೂ ಹುಡುಗಿಯರಿಗೆ ಗುಲಾಬಿ ಬಣ್ಣ ಹುಟ್ಟಿನಿಂದಲೇ ಬಂದದ್ದೆಂದು ಸಾರಿದವು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟುವ ಕೆಲಸದಲ್ಲಿ ಪತ್ರಿಕೋದ್ಯಮವನ್ನು ಮೀರಿಸಿದವರಿಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರಿಗಳ ಪತ್ರಿಕೆಯೊಂದು, ಗುಲಾಬಿ ಗಟ್ಟಿ ಸ್ವಭಾವದ ಬಣ್ಣವಾದ್ದರಿಂದ ಗಂಡುಮಕ್ಕಳಿಗೂ, ನೀಲಿ ಕೋಮಲವಾದ್ದರಿಂದ ಹೆಣ್ಣುಮಕ್ಕಳಿಗೂ ತಕ್ಕದ್ದೆಂದು ಬರೆದಿತ್ತು. ಆಗಿನ ಆದಿಮಾನವ ಬೇರೆಯವನಿದ್ದಿರಬೇಕು.

ಮಲೆನಾಡಿನ ಹೆಂಗಸರ ವಿಷಯದಲ್ಲಿ ಈ ಸಿದ್ಧಾಂತಕ್ಕೆ ಇನ್ನೂ ಹೆಚ್ಚಿನ ಪರಿಶ್ರಮ ಬೇಕಾದೀತು. ಕೈಗೆ ಮುಳ್ಳು ತರಚಿಸಿಕೊಂಡು ಅವರು ಪೊದೆಯಿಂದ ಬಿಡಿಸುವ ಕವಳೆ ಹಣ್ಣು ಮಾಗಿದಾಗ ಕಪ್ಪು, ನೇರಳೆಯೂ ಕಪ್ಪೇ, ನೆಲ್ಲಿ ಕೊನೆಯವರೆಗೂ ಹಸಿರು ಹಳದಿ, ಹಲಸು ಹಣ್ಣಾದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಸಿದ್ಧಾಂತದ ಪ್ರಕಾರ ಅವರು ಮದುವೆಮನೆಗೆ ಕಪ್ಪು ಸೀರೆಯುಟ್ಟು ಬರಬೇಕಾಗಿತ್ತು. ಬಂದರೆ ಹಿರಿಯರು ಬಾಗಿಲಲ್ಲೇ ತಡೆಯುತ್ತಾರೆ.

ಸೊಂಟದ ಗಣಿತವೂ ಒಂದಿದೆ. ಭಾರತದಲ್ಲಿ ಹುಟ್ಟಿ ಟೆಕ್ಸಾಸಿನಲ್ಲಿ ಪ್ರಾಧ್ಯಾಪಕರಾಗಿದ್ದ ದೇವೇಂದ್ರ ಸಿಂಗ್ 1993ರಲ್ಲಿ, ಹೆಣ್ಣಿನ ಸೊಂಟಕ್ಕೂ ನಿತಂಬಕ್ಕೂ ಇರುವ 0.7ರ ಅನುಪಾತವೇ ಗಂಡಸರ ಆಯ್ಕೆಯೆಂದು ತೋರಿಸಿದರು. ಅವರು ನೆಚ್ಚಿಕೊಂಡ ಪುರಾವೆಗಳಲ್ಲಿ ಮಿಸ್ ಅಮೆರಿಕ ವಿಜೇತೆಯರ ಮತ್ತು ಪ್ಲೇಬಾಯ್ ಪತ್ರಿಕೆಯ ರೂಪದರ್ಶಿಯರ ಅಳತೆಗಳೂ ಇದ್ದವು. 1998ರಲ್ಲಿ ಇಬ್ಬರು ಸಂಶೋಧಕರು ಅದೇ ಬಗೆಯ ಚಿತ್ರಗಳನ್ನು ಪೆರುವಿನ ಕಾಡಿನ ಮಾಟ್ಸಿಗೆಂಕಾ ಗಂಡಸರಿಗೆ ತೋರಿಸಿದಾಗ, ಹೊರಜಗತ್ತಿನ ಗಾಳಿ ಸೋಕದಿದ್ದವರಿಗೆ ಆ ಸಣ್ಣ ಸೊಂಟದ ಸುಂದರಿಯರು ಕಾಯಿಲೆ ಬಿದ್ದು ಎದ್ದವರಂತೆ ಕಂಡರು. ಪ್ಲೇಬಾಯ್ ಅಲ್ಲಿಗೆ ತಲುಪಿರಲಿಲ್ಲ ಎಂಬುದಷ್ಟೇ ಇದರ ಅರ್ಥ. ಅದೇ ಪೆರುವಿನ ಆಂಡಿಸ್ ಬೆಟ್ಟಗಳಲ್ಲಿ ಸುಮಾರು 9,000 ವರ್ಷಗಳ ಹಿಂದೆ ಹೂಳಲ್ಪಟ್ಟ ಯುವತಿಯೊಬ್ಬಳ ಪಕ್ಕದಲ್ಲಿ, ದೊಡ್ಡ ಪ್ರಾಣಿಗಳನ್ನು ಬೇಟೆಯಾಡಲು ಬಳಸುವ ಕಲ್ಲಿನ ಮೊನೆಗಳ ಪೂರ್ತಿ ಕಟ್ಟು ಸಿಕ್ಕಿತೆಂದು 2020ರಲ್ಲಿ ವರದಿಯಾಯಿತು. ಈ ಸುದ್ದಿ ಮೊಸರಿನ ಪಾತ್ರೆಯ ಎದುರು ಕಣ್ಣುಕಣ್ಣು ಬಿಡುತ್ತಿರುವವರ ರೀಲಿಗೆ ಇನ್ನೂ ತಲುಪಿಲ್ಲ.

ಇಂಥ ಕತೆ ಕಟ್ಟುವ ಅಭ್ಯಾಸವನ್ನು ಜೀವವಿಜ್ಞಾನಿಗಳಾದ ಸ್ಟೀಫನ್ ಜೇ ಗೂಲ್ಡ್ ಮತ್ತು ರಿಚರ್ಡ್ ಲೆವಾಂಟಿನ್ 1979ರಲ್ಲೇ ತರಾಟೆಗೆ ತೆಗೆದುಕೊಂಡಿದ್ದರು. ಒಂದು ಕತೆ ಬಿದ್ದರೆ ಅದರ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸುತ್ತಾರೆಯೇ ಹೊರತು, ಕತೆಯೇ ಬೇಡವಾಗಿರಬಹುದೆಂಬ ಅನುಮಾನ ಯಾರಿಗೂ ಬರುವುದಿಲ್ಲ ಎಂಬುದು ಅವರ ದೂರುಗಳಲ್ಲೊಂದು. ದೂರು ದಾಖಲಾಗಿ ದಶಕಗಳೇ ಕಳೆದವು. ವ್ಯಾಪಾರ ಮಾತ್ರ ಕುದುರಿದೆ.

ಈ ಕತೆಗಳ ಕೈ ನಮ್ಮ ಕರಾವಳಿಯಂಥ ಊರುಗಳಿಗೂ ಚಾಚುತ್ತದೆ. ಆಸ್ತಿಯು ಸ್ವಂತ ಮಕ್ಕಳಿಗೆ ಹೋಗದೆ ಸೋದರಿಯ ಮಕ್ಕಳಿಗೆ ಹೋಗುವ ಪದ್ಧತಿ ಕೆಲವೆಡೆ ಏಕಿದೆ ಎಂಬುದಕ್ಕೆ ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಅಲೆಕ್ಸಾಂಡರ್ 1974ರಲ್ಲಿ ಕೊಟ್ಟ ವಿವರಣೆ ಬಹಳ ಸರಳವಾದದ್ದು: ಹೆಂಡತಿಯ ಮಕ್ಕಳು ತನ್ನವರೆಂಬ ಭರವಸೆ ಗಂಡನಿಗಿಲ್ಲ, ಅಕ್ಕತಂಗಿಯರ ಮಕ್ಕಳಲ್ಲಾದರೂ ತನ್ನ ರಕ್ತ ಇರುವುದು ಖಚಿತ. ಆಮೇಲೆ ಬಂದವರು ಲೆಕ್ಕ ಹಾಕಿ, ಈ ವ್ಯವಹಾರ ಲಾಭದಾಯಕವಾಗಬೇಕಾದರೆ ಮಗು ತನ್ನದೇ ಆಗಿರುವ ಸಂಭವ 0.268ಕ್ಕಿಂತ ಕಡಿಮೆ ಇರಬೇಕೆಂದು ತೋರಿಸಿದರು. ಅಂದರೆ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರು ಬೇರೆಯವರದ್ದಾಗಿರಬೇಕು. ತುಳುನಾಡಿನ ಯಾವುದಾದರೂ ಗುತ್ತಿನ ಮನೆಯ ಚಾವಡಿಯಲ್ಲಿ ನಿಂತು, ಮನೆಯ ಹಿರಿಯ ಹೆಂಗಸಿನ ಎದುರು, ಈ ದಶಮಾಂಶವನ್ನು ಗಟ್ಟಿಯಾಗಿ ಓದಿ ಹೇಳುವ ವಿಜ್ಞಾನಿಯ ಧೈರ್ಯಕ್ಕೆ ನಾನು ಮುಂಗಡವಾಗಿ ಕೈಮುಗಿಯುತ್ತೇನೆ. ಅಳಿಯಸಂತಾನಕ್ಕೆ ಆ ಮನೆಯವರಲ್ಲಿ ಬೇರೆಯೇ ಕತೆಯಿದೆ. ಹಡಗು ತೇಲಬೇಕಾದರೆ ಮಗನನ್ನು ಬಲಿ ಕೊಡೆಂದು ಕುಂಡೋದರ ಭೂತ ಕೇಳಿದಾಗ ರಾಜನ ಹೆಂಡತಿ ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು, ಬದುಕುಳಿದ ಆ ಅಳಿಯನೇ ಭೂತಾಳ ಪಾಂಡ್ಯನಾಗಿ ಈ ಪದ್ಧತಿ ತಂದ. ಎರಡು ಕತೆಗಳಿಗೂ ಸಾಕ್ಷಿ ಹೇಳುವವರಿಲ್ಲ. ಇದರಲ್ಲಿ ಹಡಗಾದರೂ ಇದೆ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಆ ಕುಟುಂಬಗಳಲ್ಲಿ ಆಸ್ತಿ ಪಾಲಿಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಪಾಲಿನಲ್ಲಿ ಮಕ್ಕಳಿಗೂ ಹಕ್ಕು ಕೊಟ್ಟಿತು. ಅಳಿಯಂದಿರನ್ನು ಸಾಕುತ್ತಿದ್ದ ಮಾವಂದಿರು ಕ್ರಮೇಣ ಮಕ್ಕಳ ಹೆಸರಿಗೆ ಖಾತೆ ಮಾಡಿಸತೊಡಗಿದರು. ಮೇಲಿನ ಸೂತ್ರವನ್ನು ನಂಬುವುದಾದರೆ, 0.268ರ ಕೆಳಗೆ ಬಿದ್ದಿದ್ದ ಪಿತೃತ್ವದ ಭರವಸೆ ಆ ಏಳೇ ವರ್ಷಗಳಲ್ಲಿ ಗಡಿ ದಾಟಿ ಮೇಲಕ್ಕೆ ಏರಿರಬೇಕು. ಲಕ್ಷಾಂತರ ವರ್ಷ ಹುಲ್ಲುಗಾವಲಿನಲ್ಲಿ ಪಳಗಿದ ವಂಶವಾಹಿಗಳು ಸರ್ಕಾರಿ ಗೆಜೆಟ್ಟನ್ನೂ ತಪ್ಪದೆ ಓದುತ್ತವೆ ಎಂಬ ಈ ಸಂಗತಿಯನ್ನು, ಪಿಎಚ್.ಡಿ.ಗೆ ವಿಷಯ ಸಿಗದೆ ಪರದಾಡುತ್ತಿರುವ ಯಾರಾದರೂ ಕೈಗೆತ್ತಿಕೊಳ್ಳಬಹುದು.